ಅರಿಸಿನದ ಕೋಣೆಯ ಗೇಮ್ ಕಂಪನಿ

ಬೋರ್ಡು ಹಾಕಿದ ದಿನವೇ ಒಬ್ಬ ಗಂಡಸು ಮಗಳನ್ನು ಕರೆದುಕೊಂಡು ಬಂದು, "ಇಸ್ಕೂಲಿಗೆ ಕೊಡ್ಬೇಕು, ಪಾಸ್‌ಪೋರ್ಟ್ ಸೈಜಿಂದು ಬೇಗ ತೆಕ್ಕೊಡಿ" ಎಂದ. ಬೋರ್ಡಿನಲ್ಲಿ ಸ್ಟುಡಿಯೋ ಅಂತ ಬರೆಸಿದ್ದರಲ್ಲ, ಅವನ ತಪ್ಪೇನೂ ಇಲ್ಲ.

"ಇಲ್ಲಿ ಫೋಟೊ ತೆಗಿಯಕಿಲ್ಲ ಕಣಪ್ಪ. ಕಂಪ್ಯೂಟರಲ್ಲಿ ಆಡೋ ಆಟ ಮಾಡ್ತರೆ" ಎಂದೆ.

ಅವನು ಒಳಗೆ ಇಣುಕಿ ನೋಡಿದ. ಮೂರು ಜನ ಮೂರು ಕಂಪ್ಯೂಟರ್ ಮುಂದೆ ಕೂತಿದ್ದರು. "ಆಟ ಆಡ್ತಾ ಕುಂತವ್ರೆ ಅನ್ನಿ" ಎಂದು ನಗಾಡಿಕೊಂಡು ಹೋದ. ಆಗ ನಾನೂ ಹಾಗೆಯೇ ತಿಳಿದಿದ್ದೆ.

ಆ ಕೋಣೆ ಅರಿಸಿನ ತುಂಬಲು ಕಟ್ಟಿಸಿದ್ದು. ಹಂಗಳದ ಹತ್ತಿರ ನಮ್ಮ ಹೊಲ. ಬೇಯಿಸಿ ಒಣಗಿಸಿದ ಅರಿಸಿನವನ್ನು ಗುಂಡ್ಲುಪೇಟೆಯ ಮನೆಗೆ ತಂದು, ಒಳ್ಳೆಯ ಬೆಲೆ ಬರುವ ತನಕ ಮೂಟೆ ಕಟ್ಟಿ ಇಡುತ್ತಿದ್ದೆವು. ಮಗ ಪಿಕಪ್ ಗಾಡಿ ಇಟ್ಟು ಕೇರಳಕ್ಕೆ ತರಕಾರಿ, ಚೆಂಡು ಹೂ ಸಾಗಿಸಲು ಶುರು ಮಾಡಿದ ಮೇಲೆ ಹೊಲದಲ್ಲೂ ಚೆಂಡು ಹೂವೇ ಹಾಕಿದೆವು. ಕೋಣೆ ಖಾಲಿ ಬಿತ್ತು. ಮೊಮ್ಮಗಳು ಕೇಳಿದಳು, ಕೊಟ್ಟೆ. ಎಷ್ಟು ತಿಕ್ಕಿ ತೊಳೆದರೂ ಗೋಡೆಯ ಹಳದಿ ಹೋಗಲಿಲ್ಲ. ಅವರ ಕಂಪ್ಯೂಟರಿನ ಬಿಳಿ ಗುಂಡಿಗಳೂ ಸ್ವಲ್ಪ ದಿನದಲ್ಲೇ ಅದೇ ಬಣ್ಣಕ್ಕೆ ತಿರುಗಿದವು.

ಮೊಮ್ಮಗಳು ಚಾಮರಾಜನಗರದಲ್ಲಿ ಇಂಜಿನಿಯರಿಂಗ್ ಓದಿದವಳು. ಉಳಿದ ಇಬ್ಬರು ಅಲ್ಲೇ ಜೊತೆಯಾದವರು. ಒಬ್ಬ ಉಡಿಗಾಲದ ಹುಡುಗ, ಚಿತ್ರ ಬರೆಯುವವನು. ಇನ್ನೊಬ್ಬಳು ಹರವೆಯ ಹುಡುಗಿ, ಸದ್ದು ಹಿಡಿಯುವವಳು. ಮೊಮ್ಮಗಳದು, ಯಾವ ಗುಂಡಿ ಒತ್ತಿದರೆ ಏನಾಗಬೇಕು ಅಂತ ಕಂಪ್ಯೂಟರಿಗೆ ಹೇಳುವ ಕೆಲಸ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ಅರ್ಥವಾದದ್ದು ಇಷ್ಟು.

ಅವರ ಮೊದಲ ಆಟ ಚೌಕಾಬಾರ. ಕವಡೆ ಎಸೆದು ಆಡುವುದನ್ನು ಫೋನಿಗೆ ಹಾಕಿದರು. ಸದ್ದಿಗೆ ಅಂತ ಹರವೆಯ ಹುಡುಗಿ ನನ್ನ ಕವಡೆಗಳನ್ನೇ ತೆಗೆದುಕೊಂಡು ಹೋಗಿ ನೆಲದ ಮೇಲೆ, ಮಣೆಯ ಮೇಲೆ, ಚಾಪೆಯ ಮೇಲೆ ಉರುಳಿಸಿ ಉರುಳಿಸಿ ಕೇಳಿದಳು. ಆಟ ಚೆನ್ನಾಗಿಯೇ ಇತ್ತು. ಆದರೆ ಹಾಕಿಕೊಂಡವರೆಲ್ಲ ನಮ್ಮ ನೆಂಟರು. ನೆಂಟರು ಒಂದು ವಾರ ಆಡಿ ತೆಗೆದು ಹಾಕಿದರು. ನಾನೂ ತೆಗೆಸಿದೆ. ಎದುರಿಗೆ ಕೂತು ಬಯ್ಯುವವರಿಲ್ಲದ ಚೌಕಾಬಾರ ಎಂಥದ್ದು?

ಆಮೇಲೆ ಹೊರಗಿನ ಕಂಪನಿಯೊಂದಕ್ಕೆ, ಮಕ್ಕಳು ಮಾವಿನ ಹಣ್ಣು ಎಣಿಸಿ ಲೆಕ್ಕ ಕಲಿಯುವ ಆಟ ಮಾಡಿಕೊಟ್ಟರು. ಅದರ ದುಡ್ಡಿನಿಂದ ಒಳ್ಳೆಯ ಕಂಪ್ಯೂಟರ್ ಬಂದವು. ಆದರೆ ಆಟದಲ್ಲಿ ಎಲ್ಲೂ ಇವರ ಹೆಸರಿರಲಿಲ್ಲ. ಮಾವಿನ ಹಣ್ಣುಗಳಿಗೆ ಕಣ್ಣು ಬಾಯಿ ಬರೆದು ಬರೆದು ಉಡಿಗಾಲದ ಹುಡುಗ ಮಾವಿನ ಹಣ್ಣು ತಿನ್ನುವುದನ್ನೇ ಬಿಟ್ಟ. ಇನ್ನು ಮಾಡಿದರೆ ನಮ್ಮದೇ ಆಟ ಮಾಡೋಣ, ಅದೂ ಆಗದಿದ್ದರೆ ಕೋಣೆಗೆ ಬೀಗ ಹಾಕಿ ಅವರವರ ದಾರಿ ಹಿಡಿಯೋಣ ಎಂದು ಮೂವರೂ ಮಾತಾಡಿಕೊಂಡರು. ನನ್ನೆದುರಿಗೇ ಆದ ಮಾತು ಅದು. ಹುಡುಗನ ತಾಯಿ ಅಂಗನವಾಡಿ ಟೀಚರು. ಆಕೆ ಆಗಲೇ ಮೈಸೂರಿನಲ್ಲಿ ಮದುವೆ ಆಲ್ಬಮ್ ಮಾಡುವ ಕಡೆ ಮಗನಿಗೆ ಒಂದು ಕೆಲಸ ಹೇಳಿಟ್ಟಿದ್ದರು. ಅವನು ಹೋದರೆ ಚಿತ್ರ ಬರೆಯುವವರಿಲ್ಲ. ಚಿತ್ರವಿಲ್ಲದೆ ಆಟವಿಲ್ಲ.

ಹಾಗೆ ಶುರುವಾದದ್ದು ಹೂವಿನ ಗಾಡಿಯ ಆಟ. ಚೆಂಡು ಹೂ ತುಂಬಿದ ಪಿಕಪ್ಪನ್ನು ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಹಾಕುವ ಮೊದಲು ಕೇರಳದ ಕಡೆಗೆ ದಾಟಿಸಬೇಕು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂಬತ್ತಾದರೆ ಬಂಡೀಪುರದ ಕಾಡಿನ ರಸ್ತೆಯಲ್ಲಿ ಗಾಡಿ ಬಿಡುವುದಿಲ್ಲ. ಬೆಳಗ್ಗೆ ಆರಕ್ಕೆ ಗೇಟು ತೆಗೆಯುವ ತನಕ ಕಾದರೆ ಹೂ ಬಾಡುತ್ತದೆ, ಆ ಕಡೆಯ ಮಾರುಕಟ್ಟೆಯೂ ಮುಗಿಯುತ್ತದೆ. ಆಟದಲ್ಲಿ ಗುಂಡಿ ಬಿದ್ದ ರಸ್ತೆ, ಗಾಳಿಗೆ ಏಳುವ ಟಾರ್ಪಲ್, ಹೂವಿನ ಹೊಲಕ್ಕೆ ನುಗ್ಗಿ ಫೋಟೊ ತೆಗೆಸಿಕೊಳ್ಳುವ ಜನ, ಎಲ್ಲ ಉಂಟು. ಕಾಡು ಬಂದ ಮೇಲೆ ರಸ್ತೆಯ ಮೇಲೆ ಆನೆ.

ಮಗ ನೋಡಿ ನಕ್ಕ. "ನನ್ ಬಾಳ್ನೇ ಆಟ ಮಾಡವ್ರಲ್ಲವ್ವ ಇವ್ರು! ನಾನು ಹೊಟ್ಟೆಪಾಡ್ಗೆ ಓಡುಸ್ತಿನಿ. ಇದ ಯಾವನು ದುಡ್ ಕೊಟ್ಟು ಆಡನು?"

"ನೀನ್ ಕೊಡ್ಬೇಡ ಬುಡಪ್ಪ. ನಿಂಗೆ ದಿನಾ ಪುಕ್ಕಟೆ ಸಿಕ್ತದಲ್ಲ" ಎಂದಳು ಮೊಮ್ಮಗಳು.

ಅವರು ಕೆಲಸ ಮಾಡುವುದನ್ನು ನೋಡುತ್ತಾ ನೋಡುತ್ತಾ ನನ್ನ ಎಣಿಕೆ ಬದಲಾಯಿತು. ಆನೆಯ ಕಿವಿ ಒಂದಕ್ಕೇ ಆ ಹುಡುಗ ಎಷ್ಟು ದಿನ ಕೂತನೋ. ಹಂಗಳದ ಹೊಲದಂಚಿಗೆ ಹೋಗಿ, ದೂರದಲ್ಲಿ ಬರುವ ಆನೆಗಳನ್ನು ನೋಡಿ ಬರುತ್ತಿದ್ದ, ಬರೆಯುತ್ತಿದ್ದ, ಪೂರಾ ಅಳಿಸುತ್ತಿದ್ದ. ಒಂದು ದಿನ ನನಗೇ ತಡೆಯಲಿಲ್ಲ.

"ಚೆನ್ನಾಗದೆ ಬುಡ್ಲಾ. ಅದ್ಯಾಕ್ ಅಳುಸ್ತೀಯೆ?"

"ಇದು ಕೋಪ್ದಲ್ಲಿರೋ ಆನೆ ಕಿವಿ ಅಜ್ಜಿ. ನಮ್ಮ ಆನೆ ಸುಮ್ನೆ ನಿಂತದೆ."

ಮತ್ತೆ ಬರೆದು ತೋರಿಸಿದ. ಹೌದು, ಬೇರೆ ಇತ್ತು. ನಾನು ಹುಟ್ಟಿದಾಗಿನಿಂದ ಆನೆ ನೋಡಿದವಳು. ಓಡಿದ್ದೇನೆ, ಬಯ್ದಿದ್ದೇನೆ, ತಮಟೆ ಬಡಿದಿದ್ದೇನೆ. ಕಿವಿ ನೋಡಿರಲಿಲ್ಲ.

ಹರವೆಯ ಹುಡುಗಿಯೂ ಅಷ್ಟೇ. ಗಾಡಿ ಆಫ್ ಮಾಡಿದ ಮೇಲೆ ಬಿಸಿ ಇಂಜಿನ್ನು ಟಿಕ್ ಟಿಕ್ ಅನ್ನುತ್ತದಲ್ಲ, ಅವಳಿಗೆ ಆ ಸದ್ದು ಬೇಕಿತ್ತು. ಮನೆ ಮುಂದೆ ನನ್ನ ಮಗನ ಕೈಲಿ ಗಾಡಿ ಆನ್ ಮಾಡಿಸುವುದು, ಆಫ್ ಮಾಡಿಸುವುದು. ಅಷ್ಟರಲ್ಲಿ ಯಾರದಾದರೂ ಕೋಳಿ ಕೂಗುತ್ತಿತ್ತು, ಇಲ್ಲ ತರಕಾರಿಯವನು ಕೂಗುತ್ತಿದ್ದ. "ಇನ್ನೊಂದ್ಸಲ ಅಣ್ಣ." "ಡೀಜಲ್ಲು ನಿಮ್ಮಪ್ಪ ಕೊಟ್ಟನಾ?" "ಇದೇ ಲಾಸ್ಟ್ ಅಣ್ಣ." ಅದು ಲಾಸ್ಟ್ ಆಗಿರುತ್ತಿರಲಿಲ್ಲ. ನಾವು ಹೊಲದಲ್ಲಿ ಸಾಲು ಸೊಟ್ಟಗಾದರೆ ಹಾಗೇ ಬಿಟ್ಟು ಮುಂದಕ್ಕೆ ನೆಡುತ್ತೇವೆ. ಇವರು ಕಿತ್ತು ಮೊದಲಿಂದ ನೆಡುವ ಜಾತಿ.

ಅವರದೊಂದು ಕಟ್ಟಳೆ ಇತ್ತು. ಅರ್ಧ ಮಾಡಿದ ಆಟವನ್ನು ಹೊರಗಿನವರನ್ನು ಕರೆದು ಆಡಿಸಿ ನೋಡುವುದು. ಆಡುವವರು ಏನು ತಪ್ಪು ಮಾಡಿದರೂ ಕೋಣೆಯಲ್ಲಿರುವವರು ಬಾಯಿ ಬಿಡಕೂಡದು. ಬಾಯಿ ಬಿಟ್ಟರೆ ಆಟದ ಹುಳುಕು ಗೊತ್ತಾಗುವುದಿಲ್ಲವಂತೆ. ಮೊದಲನೇ ದಿನವೇ ನಾನು "ಗುಂಡಿ ಅದೆ, ಬಲಕ್ಕೆ ಎಳ್ಕಳ್ಲಾ" ಎಂದುಬಿಟ್ಟೆ.

"ಅಜ್ಜಿ, ಆಚೆಗೋಗು" ಎಂದಳು ಮೊಮ್ಮಗಳು.

"ನಮ್ಮನೆ ಕೋಣೆ ಕಣೇ ಇದು."

"ಗೊತ್ತು. ಆಚೆಗೋಗು."

ಹೋದೆ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನೋಡಿದೆ. ಬಂದು ಆಡಿದವರು ಮಗನ ಜೊತೆಯ ಡ್ರೈವರುಗಳು, ಬೀದಿಯ ಹೆಂಗಸರು, ಕಾಲೇಜಿನವರು, ಹಂಗಳದ ನೆಂಟರ ಮಕ್ಕಳು. ಗುಂಡಿಗೆ ಬಿದ್ದರು, ಹೂ ಚೆಲ್ಲಿದರು, ದಾರಿ ತಪ್ಪಿದರು. ಅದನ್ನೆಲ್ಲ ಇವರು ಸರಿ ಮಾಡುತ್ತಾ ಹೋದರು. ಆದರೆ ಆನೆ ಬಂದಾಗ ಮಾತ್ರ ಯಾರೂ ತಪ್ಪಲಿಲ್ಲ. ದೂರದಲ್ಲೇ ನಿಲ್ಲಿಸಿ, ಲೈಟು ಆರಿಸಿ, ಇಂಜಿನ್ ಆಫ್ ಮಾಡಿ ಕಾದರು. ಒಬ್ಬ ಡ್ರೈವರಂತೂ ಕಂಪ್ಯೂಟರಿನ ಗುಂಡಿಗಳ ಮೇಲಿಂದ ಕೈ ತೆಗೆದು ಟೀ ಕುಡಿಯುತ್ತಾ ಕೂತ. ಟೀ ಮುಗಿಯುವ ಹೊತ್ತಿಗೆ ಆನೆ ಹೋಗಿತ್ತು. ಮೂವರೂ ಕುಣಿದಾಡಿದರು. ಆನೆಯ ಜಾಗ ಚೆನ್ನಾಗಿ ಬಂದಿದೆ, ಮುಟ್ಟಬೇಕಾಗಿಲ್ಲ ಎಂದರು. ನಾನೂ ಹೂಂ ಎಂದೆ.

ಹೊಸ ಆಟಗಳನ್ನು ತೋರಿಸಲು ಇಂಟರ್ನೆಟ್ಟಿನಲ್ಲಿ ಒಂದು ಸಂತೆ ನಡೆಯುತ್ತದಂತೆ. ಎರಡು ವಾರ. ಆಟದ ಮೊದಲ ಭಾಗವನ್ನು ಪುಕ್ಕಟೆ ಬಿಡಬೇಕು, ಎಲ್ಲ ದೇಶದವರೂ ಆಡುತ್ತಾರೆ, ಇಷ್ಟವಾದವರು ಪೂರ್ತಿ ಆಟ ಬರುವುದನ್ನು ಕಾಯುತ್ತಾರೆ. ಕಾಯುವವರು ಸಿಕ್ಕರೆ ಸ್ಟುಡಿಯೋ ಉಳಿಯುತ್ತದೆ. ಇವರೂ ಬಿಟ್ಟರು. ಮಾರನೇ ದಿನದಿಂದ ಬರತೊಡಗಿತು ದೂರು. ಮೊಮ್ಮಗಳು ಒಂದೊಂದನ್ನೇ ಕನ್ನಡದಲ್ಲಿ ಓದಿ ಹೇಳಿದಳು. ಆನೆ ಕದಲುವುದಿಲ್ಲ. ಆಟ ಕೆಟ್ಟಿದೆ. ಚಿತ್ರ ಚೆನ್ನಾಗಿದೆ, ಆದರೆ ಆನೆಯ ಹತ್ತಿರ ನಿಂತುಹೋಗುತ್ತದೆ. ದಯವಿಟ್ಟು ರಿಪೇರಿ ಮಾಡಿ.

"ಕೆಟ್ಟೋಗದಾ?" ಎಂದೆ.

"ಇಲ್ಲ ಅಜ್ಜಿ. ಹಾರನ್ ಒಡೀತಾವ್ರೆ. ಹಾರನ್ ಒಡುದಷ್ಟೂ ಆನೆ ಅಲ್ಲೇ ನಿಂತ್ಕಳೋ ಅಂಗೆ ನಾನೇ ಮಾಡಿರದು."

"ಆನೆ ಮುಂದೆ ಯಾವನಾರ ಹಾರನ್ ಒಡುದಾನಾ?"

ಮೂವರೂ ನನ್ನ ಮುಖವನ್ನೇ ನೋಡಿದರು. ಹೊಡೆಯುತ್ತಾರೆ. ಆನೆಯನ್ನೇ ನೋಡದವರು ಹೊಡೆಯುತ್ತಾರೆ. ಹಾರನ್ ಹೊಡೆದು, ಗಾಡಿ ಗುದ್ದಿಸಿ, ಹೂ ಚೆಲ್ಲಿ, ಬೇಸತ್ತು ಹೋಗುತ್ತಾರೆ, ತಿರುಗಿ ಬರುವುದಿಲ್ಲ. ಇವರು ಅಷ್ಟು ಜನರನ್ನು ಕೂರಿಸಿ, ಬಾಯಿಗೆ ಬೀಗ ಹಾಕಿಕೊಂಡು ನೋಡಿದ್ದರಲ್ಲ, ಅವರೆಲ್ಲ ಈ ಕಾಡಿನ ಪಕ್ಕದವರು. ಗೊತ್ತಿಲ್ಲದವನು ಒಬ್ಬನೂ ಆ ಕುರ್ಚಿಯ ಮೇಲೆ ಕೂತಿರಲಿಲ್ಲ.

ಆ ಗುರುವಾರ ಹುಡುಗನ ತಾಯಿ ಫೋನು ಮಾಡಿದರು. ಸೋಮವಾರ ಮೈಸೂರಿಗೆ ಬಂದು ಸೇರಿಕೊಳ್ಳಬೇಕಂತೆ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ಅವನು "ಆಯ್ತವ್ವ" ಎಂದು ಫೋನು ಇಟ್ಟ. ಹರವೆಯ ಹುಡುಗಿ ತನ್ನ ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕಿದಳು.

"ಅಷ್ಟಕ್ಕೆಲ್ಲ ಯಾಕ್ ಒದ್ದಾಡೀರಿ? ಆನೆ ಬಂದ ತಕ್ಷಣ ಮೇಲೆ ಬರುದ್ಬುಡಿ, ಹಾರನ್ ಒಡೀಬೇಡಿ, ಗಾಡಿ ಆಫ್ ಮಾಡಿ ಅಂತ" ಎಂದೆ ನಾನು.

"ಬರುದ್ರೆ ಆಫ್ ಮಾಡ್ತರೆ ಅಜ್ಜಿ. ಏಳ್ದಂಗೆ ಮಾಡಿ ಮುಂದ್ಕೋಯ್ತರೆ. ಆನೆ ಮುಂದೆ ಕೂರಲ್ಲ" ಎಂದ ಹುಡುಗ.

"ಮುಂದ್ಕೋದ್ರೆ ಸಾಕಲ್ವೇನ್ಲಾ?"

"ಅಷ್ಟು ಸಾಕಾಗಿದ್ರೆ ನಾನು ಆ ಕಿವಿ ಬರಿಯೋ ಅಂಗೇ ಇರ್ಲಿಲ್ಲ."

ಹೋಗುವ ಹುಡುಗನಿಗೆ ಎಂಥ ಹಟ ನೋಡಿ. ಆದರೆ ಅವನ ಮಾತು ಸುಳ್ಳಲ್ಲ ಅಂತ ಮೊಮ್ಮಗಳಿಗೂ ಗೊತ್ತಿತ್ತು. ಊಟಕ್ಕೆ ಕೂತಾಗ ಅಪ್ಪನನ್ನು ಹಿಡಿದುಕೊಂಡಳು.

"ಆನೆ ಬಂದ್ರೆ ಗಾಡಿ ಆಫ್ ಮಾಡ್ಬೇಕು ಅಂತ ನಿಂಗ್ಯಾರಪ್ಪ ಏಳ್ಕೊಟ್ಟದ್ದು?"

"ಯಾರ್ ಏಳ್ಕೊಟ್ಟರು? ಅದ್ನೂ ಏಳ್ಕೊಡ್ಬೇಕಾ?"

"ಮೊದುಲ್ನೇ ಸಲ ಎಂಗೆ ಗೊತ್ತಾಯ್ತು?"

"ಮೊದುಲ್ನೇ ಸಲಾನೂ ಗೊತ್ತಿತ್ತು."

"ಎಂಗೆ?"

"ಥೂ, ಉಣ್ಣಾಕೆ ಬುಡಮ್ಮಿ."

ಶುಕ್ರವಾರ ಅವಳು ಅಪ್ಪನ ಗಾಡಿ ಹತ್ತಿದಳು. ನಾನೂ ಹತ್ತಿದೆ. ಕೇಳಲಿಲ್ಲ, ಹತ್ತಿದೆ ಅಷ್ಟೇ. ಮುಂದಿನ ಸೀಟಿನಲ್ಲಿ ಮೂರು ಜನ, ಹಿಂದೆ ಹೂವಿನ ಚೀಲ. "ಅಜ್ಜಿ, ಕಾಡಲ್ಲಿ ನೀನೂ ಮಾತಾಡಂಗಿಲ್ಲ, ಅಪ್ಪನೂ ಮಾತಾಡಂಗಿಲ್ಲ. ನಾನು ನೋಡ್ಬೇಕು" ಎಂದಳು. "ಗಾಡಿ ಒಳಕ್ಕೂ ಬಂತಾ ನಿಮ್ ಕಾನೂನು?" ಎಂದು ಮಗ ಗೊಣಗಿದ. ಮದ್ದೂರಿನ ಚೆಕ್‌ಪೋಸ್ಟ್ ದಾಟಿ ಕಾಡಿನೊಳಗೆ ಸ್ವಲ್ಪ ದೂರ ಹೋದೆವು. ನಮ್ಮ ಮುಂದೆ ಒಂದು ಸರ್ಕಾರಿ ಬಸ್ಸು ಹೋಗುತ್ತಿತ್ತು. ಇಳಿಹೊತ್ತು.

ಬಸ್ಸಿನ ಹಿಂದಿನ ಕೆಂಪು ದೀಪ ಹತ್ತಿತು. ಬಸ್ಸು ನಿಂತಿತು. ಅದರ ಇಂಜಿನ್ನು ಗುರುಗುಟ್ಟಿ ಸುಮ್ಮನಾಯಿತು, ಆಮೇಲೆ ದೀಪವೂ ಆರಿತು. ನನ್ನ ಮಗನ ಕೈ ಆಗಲೇ ಕೀ ತಿರುಗಿಸಿತ್ತು. ಅವನಿನ್ನೂ ಆನೆ ನೋಡಿರಲೇ ಇಲ್ಲ. ಬಸ್ಸಿನ ಪಕ್ಕದಿಂದ ಬಗ್ಗಿ ನೋಡಿದೆ. ಎರಡು ದೊಡ್ಡ ಆನೆ, ಒಂದು ಮರಿ, ರಸ್ತೆಯ ನಡುವೆ.

ನಮ್ಮ ಹಿಂದೆ ಒಂದು ಕಾರು ಬಂದು ನಿಂತಿತು. ದೂರದ ಊರಿನ ನಂಬರಿನದು. ಪೀ ಎಂದು ಹಾರನ್ ಹೊಡೆದ. ಮಗ ಹಲ್ಲು ಕಚ್ಚಿದ, ಮಾತಾಡಲಿಲ್ಲ. ಕಾರಿನವನು ಮತ್ತೆ ಹೊಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ದೀಪವೂ ಆರಿತು, ಇಂಜಿನ್ನೂ ನಿಂತಿತು. ನಾನು ಆನೆ ನೋಡುತ್ತಿದ್ದೆ. ಮೊಮ್ಮಗಳು ಕನ್ನಡಿಯಲ್ಲಿ ಆ ಕಾರನ್ನೇ ನೋಡುತ್ತಿದ್ದಳು.

ಆನೆಗಳು ಇಳಿದು ಹೋದವು. ಬಸ್ಸು ಹೊರಟಿತು. ಅವಳು ಒಮ್ಮೆಲೇ, "ಅಪ್ಪ, ಗಾಡಿ ತಿರುಗ್ಸು, ಮನೆಗೋಗನ" ಎಂದಳು.

"ಈ ಹೂವ್ನೆಲ್ಲ ನಿಮ್ಮಜ್ಜಿ ತಲೆಗೆ ಮುಡುಸ್ಲಾ?"

ತಿರುಗಿಸಲಿಲ್ಲ. ಹೂ ಇಳಿಸುವ ಕಡೆ ಸಿಗ್ನಲ್ ಸಿಕ್ಕ ಕೂಡಲೇ ಉಡಿಗಾಲಕ್ಕೆ ಫೋನು ಮಾಡಿದಳು. "ಒಂದು ಬಸ್ ಬರೀಬೇಕು ಕಣೋ. ಸರ್ಕಾರಿ ಬಸ್ಸು. ಹಿಂಭಾಗ ಮಾತ್ರ ಸಾಕು. ಯಾರೂ ಯಾರಿಗೂ ಏಳ್ಕೊಡಲ್ಲ, ಮುಂದ್ಗಡೆ ಗಾಡಿ ನೋಡಿ ಕಲಿತರೆ." ಅವನು ಏನೆಂದನೋ ಕೇಳಲಿಲ್ಲ. ಇವಳು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಶನಿವಾರ ಮೊದಲ ಬಸ್ಸಿಗೇ ಅವನು ಬಂದ. ಹರವೆಯ ಹುಡುಗಿಯೂ ಚೀಲದಿಂದ ವೈರು ತೆಗೆದಳು. ನಾನು ಮುದ್ದೆ ಮಾಡಿ, ಅವರೆಕಾಳಿನ ಸಾರು ಮಾಡಿ ಕರೆದರೆ ಒಬ್ಬರೂ ಏಳಲಿಲ್ಲ. ತಟ್ಟೆ ಅಲ್ಲಿಗೇ ತೆಗೆದುಕೊಂಡು ಹೋಗಿ ಕೊಟ್ಟೆ. ಅವನು ಬರೆದ ಬಸ್ಸಿನ ಹಿಂಭಾಗ ನೆಗ್ಗಿತ್ತು, ಮಣ್ಣು ಸಿಡಿದಿತ್ತು, ಹಿಂದಿನ ಗಾಜಿಗೆ ಒರಗಿ ಒಬ್ಬ ನಿದ್ದೆ ಹೊಡೆಯುತ್ತಿದ್ದ. ಆಟದಲ್ಲಿ ಮೊದಲನೇ ಆನೆಗೆ ಮಾತ್ರ ಆ ಬಸ್ಸು ಮುಂದೆ ಇರುತ್ತದೆ. ಆಮೇಲೆ ಬರುವ ಆನೆಗಳ ಮುಂದೆ ಆಡುವವನು ಒಬ್ಬನೇ. ಅಪರೂಪಕ್ಕೆ ಆ ಕೋಣೆಗೆ ಕಾಲಿಡುವ ನನ್ನ ಮಗ ಹುಡುಗನ ಬೆನ್ನ ಹಿಂದೆ ನಿಂತು, "ಮೊದ್ಲು ಬ್ರೇಕ್ ಲೈಟ್ ಹತ್ಬೇಕು ಕಣ್ಲಾ. ಆಮೇಲೆ ಇಂಜಿನ್ನು. ಆಮೇಲೆ ಲೈಟ್ ಆರದು. ಒಂದೇ ಸಲ ಎಲ್ಲಾ ಆರ್ಬುಟ್ರೆ ಕೆಟ್ಟು ನಿಂತದೆ ಅನ್ಕತರೆ" ಎಂದು ಹೇಳಿ ಹೇಳಿ ಮಾಡಿಸಿದ.

ಭಾನುವಾರ ಮಧ್ಯಾಹ್ನ ಹೊಸದನ್ನು ಹಾಕಿದರು. ಸಂಜೆಗೆ ಯಾವುದೋ ದೇಶದ ಒಬ್ಬ, ತಾನು ಆಡುವುದನ್ನೇ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೋರಿಸುತ್ತಾ ಕೂತಿದ್ದ. ಹಾಗೆ ತೋರಿಸುವವರೂ ಇದ್ದಾರಂತೆ. ಅವನ ಮುಖ ಒಂದು ಮೂಲೆಯಲ್ಲಿ ಕಾಣುತ್ತಿತ್ತು, ಕೆಂಪು ಗಡ್ಡದವನು. ಗಾಡಿ ಕಾಡಿಗೆ ಬಂತು. ಬಸ್ಸು ನಿಂತಿತು. ಅವನು ಹಾರನ್ ಹೊಡೆದ. ಇನ್ನೊಂದು ಸಲ ಹೊಡೆದ. ಬಸ್ಸಿನ ಇಂಜಿನ್ನು ನಿಂತಿತು, ದೀಪ ಆರಿತು. ಅವನ ಮುಖ ಮುಂದಕ್ಕೆ ಬಂತು. ಅವನೂ ಗಾಡಿ ಆಫ್ ಮಾಡಿದ. ಟಿಕ್ ಟಿಕ್ ಕೇಳಿಸಿತು. ಅಲ್ಲಿಯ ತನಕ ಬಡಬಡ ಮಾತಾಡುತ್ತಿದ್ದವನು ಬಾಯಿ ಮುಚ್ಚಿದ. ಆನೆ ಕಿವಿ ಬೀಸಿತು, ಮರಿಯನ್ನು ಮುಂದೆ ಬಿಟ್ಟುಕೊಂಡು ರಸ್ತೆ ದಾಟಿತು. ಬಸ್ಸು ಹೊರಟಿತು. ಅವನು ಹೊರಡಲಿಲ್ಲ. ಮೆಲ್ಲಗೆ ಏನೋ ಅಂದ.

"ಏನಂದ?" ಎಂದೆ.

"ತಡಿ, ಇಂದೆ ಇನ್ನೊಂದ್ ಇರ್ಬೋದು ಅಂತವ್ನೆ ಅಜ್ಜಿ."

ನನ್ನ ಮಗ ತೊಡೆಗೆ ಹೊಡೆದುಕೊಂಡ. "ನಮ್ಮೋನೆ ಕಣ್ರಪ್ಪ ಇವ್ನು!"

ದೂರು ನಿಂತಿತು. ಇನ್ನೂ ಕೆಲವರು ಆಟ ನಿಧಾನ ಎಂದು ಬರೆದರು. ಬರೆಯಲಿ. ಪೂರ್ತಿ ಆಟಕ್ಕೆ ಕಾಯುತ್ತೇವೆ ಎಂದವರೂ ಬಂದರು. ಅದು ಸಾಕೋ ಸಾಲದೋ ಅಂತ ಆ ದಿನ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಹುಡುಗ ಎದ್ದು ಎಲ್ಲರಿಗೂ ಹೇಳಿ ಊರಿಗೆ ಹೋದ. ಮೊಮ್ಮಗಳು ಬಸ್‌ಸ್ಟ್ಯಾಂಡಿನ ತನಕ ಹೋಗಿ ಬಂದು, ಉಣ್ಣದೆ ಮಲಗಿದಳು.

ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಅವನು ನಿಂತಿದ್ದಾನೆ. ಬೆನ್ನಿಗೆ ದೊಡ್ಡ ಬ್ಯಾಗು, ಇಸ್ತ್ರಿ ಮಾಡಿದ ಅಂಗಿ. ಮೈಸೂರಿಗೆ ಅಂತ ಮನೆಯಲ್ಲಿ ಹೇಳಿ ಹೊರಟವನು.

"ಮೈಸೂರು ಈ ಕಡೆ ಬಂತಾ?" ಎಂದೆ.

"ಓಗಲ್ಲ ಅಜ್ಜಿ. ಆಟ ಮುಗುಸ್ಬೇಕು."

"ನಿಮ್ಮವ್ವಂಗೆ ಏಳ್ದಾ?"

ಇಲ್ಲವೆಂದು ತಲೆಯಾಡಿಸಿದ. "ಕದ್ದು ಕೆಲ್ಸ ಮಾಡಾಕೆ ನಮ್ ಕೋಣೆ ಕೊಡಕಿಲ್ಲ. ಮೊದ್ಲು ಫೋನ್ ಮಾಡು" ಎಂದೆ. ಮಾಡಿದ. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಕೊನೆಗೆ ಆಕೆ, ಆ ಮನೆಯವರಿಗೆ ಕೊಡು ಎಂದರು. ನಾನು ತೆಗೆದುಕೊಂಡೆ.

"ನೀವು ದೊಡ್ಡೋರು. ನಾಕು ಬುದ್ಧಿಮಾತು ಏಳ್ಬಾರ್ದಾ? ಅಲ್ಲಿ ಏನ್ ಸಿಕ್ಕುತ್ತೆ ಅಂತ ಕೂರುಸ್ಕಂಡಿದ್ದೀರಿ ನನ್ ಮಗನ್ನ?"

"ಏನ್ ಸಿಕ್ತದೋ ನಂಗೊತ್ತಿಲ್ಲ ಕಣವ್ವ. ಅವರ್ಗೂ ಗೊತ್ತಿಲ್ಲ. ಸುಳ್ ಯಾಕ್ ಏಳ್ಲಿ? ಆದ್ರೆ ನಿನ್ ಮಗ ಬರ್ದ ಆನೆ ಮುಂದೆ ಯಾವ್ದೋ ದೇಶದೋನು ಬಾಯ್ ಮುಚ್ಕಂಡು ಕುಂತಿದ್ದ. ಅದ ನಾನೇ ಕಣ್ಣಾರೆ ನೋಡಿವ್ನಿ. ಮದ್ವೆ ಆಲ್ಬಮ್ ಮಾಡಾಕೆ ಬೇರೆ ಯಾರಾರ ಸಿಕ್ತರೆ. ಈ ಕೆಲ್ಸಕ್ಕೆ ಇಲ್ಲಿ ಇವ್ನೊಬ್ನೇ ಇರದು."

ಆಕೆಯ ಹಿಂದಿನಿಂದ ಅಂಗನವಾಡಿಯ ಮಕ್ಕಳ ಗಲಾಟೆ ಕೇಳುತ್ತಿತ್ತು. ಯಾವುದೋ ಮಗುವಿಗೆ "ಕೂತ್ಕೊ" ಎಂದು ಗದರಿದರು. ಆಮೇಲೆ ನನಗೆ, "ಬದ್ನೇಕಾಯಿ ಹಾಕ್ಬೇಡಿ ಅವ್ನಿಗೆ. ಮೈಯೆಲ್ಲ ತುರಿಕೆ ಬರುತ್ತೆ. ಕೇಳುದ್ರೂ ಏಳಲ್ಲ ಅವ್ನು, ಸುಮ್ನೆ ತಿಂತಾನೆ" ಎಂದರು.

"ಹಾಕಕಿಲ್ಲ ಬುಡವ್ವ" ಎಂದೆ.

ಫೋನು ಕೊಡಲು ಒಳಗೆ ಹೋದರೆ ಅವನು ಬ್ಯಾಗು ಇಳಿಸಿ, ಇಸ್ತ್ರಿ ಅಂಗಿಯಲ್ಲೇ ಕೂತು, ಕೆಂಪು ಗಡ್ಡದವನು ಕಾಯುತ್ತಿದ್ದ ಎರಡನೇ ಆನೆ ಬರೆಯುತ್ತಿದ್ದ.